ಬೈದರೆ ಸ್ನೇಹ, ಸರ್ ಅಂದರೆ ಜಗಳ

1982ರ ಜೂನ್ 24ರ ರಾತ್ರಿ. ಲಂಡನ್ನಿನಿಂದ ಹೊರಟು, ಬಾಂಬೆ, ಕ್ವಾಲಾಲಂಪುರಗಳಲ್ಲಿ ಜನರನ್ನು ಹತ್ತಿಸಿಕೊಂಡು ಆಸ್ಟ್ರೇಲಿಯಾ ಕಡೆಗೆ ಹೋಗುತ್ತಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನ ಜಾವಾ ದ್ವೀಪದ ದಕ್ಷಿಣಕ್ಕೆ ಹಾರುತ್ತಿತ್ತು. ಗಲುಂಗುಂಗ್ ಎಂಬ ಜ್ವಾಲಾಮುಖಿ ಉಗುಳಿದ ಬೂದಿ ಎಂಜಿನ್ನುಗಳಿಗೆ ತುಂಬಿಕೊಂಡು, ಒಂದರ ಹಿಂದೆ ಒಂದರಂತೆ ನಾಲ್ಕೂ ನಿಂತುಹೋದವು. ಕ್ಯಾಪ್ಟನ್ ಎರಿಕ್ ಮೂಡಿ ಮೈಕ್ ತೆಗೆದುಕೊಂಡು ಹೇಳಿದ್ದು ಹೆಚ್ಚುಕಮ್ಮಿ ಹೀಗಿತ್ತು: "ನಮಗೊಂದು ಸಣ್ಣ ತೊಂದರೆ ಆಗಿದೆ. ನಾಲ್ಕೂ ಎಂಜಿನ್ ನಿಂತಿವೆ. ಅವನ್ನು ಮತ್ತೆ ಚಾಲೂ ಮಾಡಲು ಶತಪ್ರಯತ್ನ ಮಾಡುತ್ತಿದ್ದೇವೆ. ನಿಮಗೆ ತೀರಾ ಗಾಬರಿ ಆಗಿಲ್ಲ ಅಂದುಕೊಳ್ಳುತ್ತೇನೆ."

ವಿಮಾನ ತೇಲುತ್ತಾ ತೇಲುತ್ತಾ ಇಳಿಯಿತು, ಬೂದಿಯ ಮೋಡದಿಂದ ಹೊರಬಂದ ಮೇಲೆ ಎಂಜಿನ್ನುಗಳು ಹತ್ತಿಕೊಂಡವು, ಜಕಾರ್ತದಲ್ಲಿ ಎಲ್ಲರೂ ಕ್ಷೇಮವಾಗಿ ಇಳಿದರು. ಈ ಕಥೆ ನನಗೆ ಇಷ್ಟ. ಆದರೆ ವಿಮಾನಕ್ಕಿಂತ ಜಾಸ್ತಿ ಇಷ್ಟ ಆ 'ಸಣ್ಣ ತೊಂದರೆ'. ನಾಲ್ಕೂ ಎಂಜಿನ್ ನಿಂತರೆ ಸಣ್ಣ ತೊಂದರೆ. ಹಾಗಾದರೆ ಈ ಬ್ರಿಟಿಷ್ ಜನ ದೊಡ್ಡ ತೊಂದರೆ ಅನ್ನುವುದು ಯಾವಾಗ? ಇಷ್ಟು ವರ್ಷ ಇಲ್ಲಿ ಇಂಗ್ಲೆಂಡಿನಲ್ಲಿದ್ದು ನಾನು ಕಂಡುಕೊಂಡಿದ್ದು ಇಷ್ಟು: ಚಹಾ ಆರಿಹೋದಾಗ. ಬಸ್ಸು ಐದು ನಿಮಿಷ ತಡವಾದಾಗ. ಬಿಸ್ಕತ್ತು ಚಹಾದೊಳಗೆ ಮುರಿದು ಬಿದ್ದಾಗ. ಆಗ ಅದು 'ಡಿಸಾಸ್ಟರ್', 'ನೈಟ್‌ಮೇರ್'. ಮನೆಗೆ ಬೆಂಕಿ ಬಿದ್ದರೆ ಮಾತ್ರ 'ಬಿಟ್ ಆಫ್ ಎ ಬಾದರ್'.

ಬ್ರಿಟಿಷ್ ಸ್ಲ್ಯಾಂಗ್ ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಉದ್ದುದ್ದ ಪಟ್ಟಿಗಳು ಸಿಗುತ್ತವೆ. ನ್ಯಾಕರ್ಡ್ ಅಂದರೆ ಸುಸ್ತು, ಚಫ್ಡ್ ಅಂದರೆ ಖುಷಿ, ಸ್ಕಿಂಟ್ ಅಂದರೆ ಜೇಬು ಖಾಲಿ, ಗಟೆಡ್ ಅಂದರೆ ಭಾರೀ ಬೇಜಾರು, ಪೆಕಿಶ್ ಅಂದರೆ ಸಣ್ಣ ಹಸಿವು. ಪಟ್ಟಿ ಸರಿಯಾಗಿಯೇ ಇರುತ್ತದೆ. ಅದನ್ನು ಬಾಯಿಪಾಠ ಮಾಡಿ ಇಲ್ಲಿಗೆ ಬಂದವರೂ ಮೂರನೇ ದಿನ ತಬ್ಬಿಬ್ಬಾಗುತ್ತಾರೆ. ಯಾಕೆಂದರೆ ಪಟ್ಟಿ ಅರ್ಥ ಹೇಳುತ್ತದೆ, ತೂಕ ಹೇಳುವುದಿಲ್ಲ. ಇಲ್ಲಿ ಭಾರವಾದದ್ದನ್ನು ಹಗುರ ಮಾಡಿ ಹೇಳುತ್ತಾರೆ, ಹಗುರವಾದದ್ದನ್ನು ಭಾರ ಮಾಡಿ ಹೇಳುತ್ತಾರೆ. ಪ್ರೀತಿ ಇದ್ದರೆ ಬೈಯುತ್ತಾರೆ, ಕೋಪ ಬಂದರೆ ಮರ್ಯಾದೆ ಕೊಡುತ್ತಾರೆ. ಈ ತಿರುಗುಮುರುಗು ಒಂದು ಗೊತ್ತಿದ್ದರೆ ಪಟ್ಟಿ ಇಲ್ಲದೆಯೂ ಅರ್ಧ ದಾರಿ ಹೋಗಬಹುದು.

ಇದು ಯಾವಾಗಲೂ ತಮಾಷೆಯಲ್ಲ. 1951ರ ಏಪ್ರಿಲ್‌ನಲ್ಲಿ, ಕೊರಿಯಾ ಯುದ್ಧದಲ್ಲಿ, ಇಮ್ಜಿನ್ ನದಿಯ ದಡದ ಗುಡ್ಡಗಳ ಮೇಲೆ ಬ್ರಿಟಿಷ್ ಬ್ರಿಗೇಡ್ ಒಂದು ಚೀನೀ ಸೇನೆಯ ಮುತ್ತಿಗೆಗೆ ಸಿಕ್ಕಿತ್ತು. ಬ್ರಿಗೇಡಿಯರ್ ಟಾಮ್ ಬ್ರೋಡಿ ತನ್ನ ಮೇಲಿನ ಅಮೆರಿಕನ್ ಜನರಲ್‌ಗೆ ವರದಿ ಮಾಡಿದ: ಇಲ್ಲಿ ಪರಿಸ್ಥಿತಿ 'ಎ ಬಿಟ್ ಸ್ಟಿಕಿ'. ಇನ್ನೊಬ್ಬ ಇಂಗ್ಲಿಷಿನವನ ಕಿವಿಗೆ ಬಿದ್ದಿದ್ದರೆ ಅದು 'ಸಾಯ್ತಿದ್ದೇವೆ, ಬೇಗ ಬನ್ನಿ' ಅಂತಲೇ ಕೇಳಿಸುತ್ತಿತ್ತು. ಅಮೆರಿಕನ್ನನಿಗೆ ಕೇಳಿಸಿದ್ದು 'ಸ್ವಲ್ಪ ಕಷ್ಟ ಇದೆ, ಸಂಭಾಳಿಸ್ತೀವಿ' ಅಂತ. ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ತುಕಡಿ ಗುಡ್ಡದ ಮೇಲೆಯೇ ಉಳಿಯಿತು. ಬಹುಪಾಲು ಜನ ಸೆರೆ ಸಿಕ್ಕರು. ಇಬ್ಬರೂ ಮಾತಾಡಿದ್ದು ಇಂಗ್ಲಿಷೇ.

ನಾನಿರುವುದು ನಾಟಿಂಗ್‌ಹ್ಯಾಮ್‌ನಲ್ಲಿ. ಕೆಲಸ ಒಂದು ಸಣ್ಣ ಔಷಧಿ ಅಂಗಡಿಯ ಕೌಂಟರಿನಲ್ಲಿ. ಬೂಟ್ಸ್ ಅನ್ನುವ ದೊಡ್ಡ ಔಷಧಿ ಕಂಪನಿ ಹುಟ್ಟಿದ್ದು ಇದೇ ಊರಲ್ಲಿ, 1849ರಲ್ಲಿ. ನಮ್ಮದು ಅದಲ್ಲ. ಅಂಚೆ ಕಚೇರಿಗೂ ಚಿಪ್ಪಿಗೂ ನಡುವೆ ಸಿಕ್ಕಿಕೊಂಡಿರುವ ಬೀದಿ ಅಂಗಡಿ. ಚಿಪ್ಪಿ ಅಂದರೆ ಮೀನು ಮತ್ತು ಆಲೂಗಡ್ಡೆ ಕರಿದು ಕೊಡುವ ಅಂಗಡಿ. ಈ ಭಾಷೆಯ ತಿರುಗುಮುರುಗನ್ನು ಕಲಿಯಲು ಔಷಧಿ ಅಂಗಡಿಗಿಂತ ಒಳ್ಳೆಯ ಶಾಲೆ ಇಲ್ಲ. ಯಾಕೆಂದರೆ ಇಲ್ಲಿ ಜನ ತಮ್ಮ ದೇಹದ ಬಗ್ಗೆ ಮಾತಾಡಲೇಬೇಕು, ಅವರಿಗೋ ಅದು ಚೂರೂ ಇಷ್ಟವಿಲ್ಲ.

ಹಾಗಾಗಿ ಸುತ್ತಿ ಬಳಸಿ ಬರುತ್ತಾರೆ. ಮೂತ್ರದ ತೊಂದರೆ 'ವಾಟರ್‌ವರ್ಕ್ಸ್', ಅಂದರೆ ಜಲಮಂಡಳಿಯ ಪ್ರಾಬ್ಲಂ. ಬೇಧಿ ಆದರೆ 'ದ ಟ್ರಾಟ್ಸ್', ಕುದುರೆ ಓಟ. ಹೊಟ್ಟೆ ಕಟ್ಟಿದರೆ 'ಬಂಗ್ಡ್ ಅಪ್', ಬಿರಡೆ ಹಾಕಿದ ಹಾಗೆ. ಶೌಚಾಲಯ ಎಲ್ಲಿ ಅಂತ ಕೇಳಬೇಕಾದರೆ ಹಳಬರು ಈಗಲೂ 'ಸ್ಪೆಂಡ್ ಎ ಪೆನ್ನಿ' ಅನ್ನುತ್ತಾರೆ. ಒಂದು ಕಾಲದಲ್ಲಿ ಬಾಗಿಲಿಗೆ ಪೆನ್ನಿ ಹಾಕಿದರೆ ತೆರೆಯುವ ಸಾರ್ವಜನಿಕ ಶೌಚಾಲಯಗಳಿದ್ದವು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಜಾರ್ಜ್ ಜೆನಿಂಗ್ಸ್ ಎಂಬ ಕೊಳಾಯಿ ಕಂಟ್ರಾಕ್ಟರ್ ಇಂಥ ವ್ಯವಸ್ಥೆ ಮಾಡಿದ್ದ. 8,27,280 ಜನ ತಲಾ ಒಂದು ಪೆನ್ನಿ ಕೊಟ್ಟು ಹೋಗಿಬಂದರು ಅಂತ ಲೆಕ್ಕ ಇಟ್ಟಿದ್ದಾರೆ. ಲೆಕ್ಕ ಇಡುವುದರಲ್ಲಿ ಇವರನ್ನು ಮೀರಿಸುವವರಿಲ್ಲ ಬಿಡಿ. ನಾವೂ ಕಮ್ಮಿ ಇಲ್ಲ. 'ಒಂದಕ್ಕೆ', 'ಎರಡಕ್ಕೆ' ಅಂತ ಬೆರಳೆತ್ತಿ ಮೇಷ್ಟ್ರ ಮುಂದೆ ನಿಂತವರೇ ಎಲ್ಲರೂ.

ನಮ್ಮಲ್ಲಿಗೆ ಒಬ್ಬರು ಅಜ್ಜ ಬರುತ್ತಾರೆ. ಕಲ್ಲಿದ್ದಲ ಗಣಿಯಲ್ಲಿ ಕೆಲಸ ಮಾಡಿದವರು. ನಾಟಿಂಗ್‌ಹ್ಯಾಮ್ ಜಿಲ್ಲೆಯ ಸುತ್ತಮುತ್ತ ಒಂದು ಕಾಲದಲ್ಲಿ ಗಣಿಗಳೇ ಗಣಿಗಳು. ಕೊನೆಯದಾದ ಥೋರ್ಸ್‌ಬಿ ಗಣಿ 2015ರಲ್ಲಿ ಮುಚ್ಚಿತು. ಈ ಅಜ್ಜ ಬಂದು ಕೌಂಟರಿಗೆ ಒರಗಿ ನಿಂತು, 'ಬಿಟ್ ಆಫ್ ಎ ಚೆಸ್ಟ್, ಡಕ್' ಅನ್ನುತ್ತಾರೆ. ಸ್ವಲ್ಪ ಎದೆ, ಅಷ್ಟೇ. ಎದೆಗೆ ಏನಾಗಿದೆ ಅಂತ ಹೇಳುವುದಿಲ್ಲ. ಹೇಗಿದ್ದೀರಿ ಅಂದರೆ 'ಕಾಂಟ್ ಕಂಪ್ಲೇನ್'. ಈ ಊರಲ್ಲಿ 'ಆಲ್‌ರೈಟ್' ಅಂದರೆ ಏನೂ ಅರ್ಥವಿಲ್ಲ. 'ನಾಟ್ ಟೂ ಬ್ಯಾಡ್' ಅಂದರೆ ಆರಾಮ. 'ನಾಟ್ ಟೂ ಕ್ಲೆವರ್' ಅಂದರೆ ಹುಷಾರಿಲ್ಲ. ಇಲ್ಲಿ ಕ್ಲೆವರ್ ಅನ್ನುವುದು ಬುದ್ಧಿಯ ಮಾತಲ್ಲ, ಮೈಯ ಮಾತು. ನಾವು ಕನ್ನಡದಲ್ಲಿ 'ಹುಷಾರು' ಅನ್ನುವ ಒಂದೇ ಪದವನ್ನು ಜಾಣನಿಗೂ ಜ್ವರ ಇಲ್ಲದವನಿಗೂ ಬಳಸುತ್ತೇವಲ್ಲ, ಥೇಟ್ ಹಾಗೆ. ಇನ್ನು 'ಪ್ರಾಪರ್ ಪೂರ್ಲಿ' ಅಂದರೆಂದರೆ ಆಂಬ್ಯುಲೆನ್ಸಿಗೆ ಫೋನ್ ಮಾಡುವ ಹೊತ್ತಾಯಿತು ಅಂತ.

ನಮ್ಮ ಹಿರಿಯ ಫಾರ್ಮಸಿಸ್ಟ್ ಇದೇ ಊರಲ್ಲಿ ಹುಟ್ಟಿ ಬೆಳೆದಾಕೆ. ಆಕೆ ಈ ಅಜ್ಜನನ್ನು 'ಹೇಗಿದ್ದೀರಿ' ಅಂತ ಕೇಳುವುದೇ ಇಲ್ಲ. ಕೇಳಿ ಪ್ರಯೋಜನವಿಲ್ಲ ಅಂತ ಆಕೆಗೆ ಗೊತ್ತು. 'ಈ ವಾರ ಅಲಾಟ್‌ಮೆಂಟಿಗೆ ಹೋಗಿದ್ರಾ?' ಅಂತ ಕೇಳುತ್ತಾಳೆ. ಅಲಾಟ್‌ಮೆಂಟ್ ಅಂದರೆ ಊರಿನ ಜನ ಬಾಡಿಗೆಗೆ ಹಿಡಿದು ತರಕಾರಿ ಬೆಳೆದುಕೊಳ್ಳುವ ತುಂಡು ಜಾಗ. ನಮ್ಮ ಊರಿನ ಸೇಂಟ್ ಆನ್ಸ್‌ನಲ್ಲಿ ಇಂಥದ್ದು 75 ಎಕರೆಯಷ್ಟಿದೆ. ಮೊನ್ನೆ ಚಳಿಗಾಲದ ಕೊನೆಗೆ ಅಜ್ಜ, 'ಇಲ್ಲ ಡಕ್, ಈ ವಾರ ಮನಸ್ಸಾಗಲಿಲ್ಲ' ಅಂದರು. 'ಹೋದ ವಾರ?' ಅಜ್ಜ ಕೆಮ್ಮಿನ ಔಷಧಿಯ ಬಾಟಲಿಗಳ ಕಡೆ ನೋಡುತ್ತಾ ನಿಂತರು. ಆಕೆ ಅವರನ್ನು ಒಳಗಿನ ಸಣ್ಣ ರೂಮಿಗೆ ಕರೆದುಕೊಂಡು ಹೋದಳು, ಬೆರಳಿಗೆ ಆಕ್ಸಿಜನ್ ಮೀಟರ್ ಸಿಕ್ಕಿಸಿದಳು, ಐದೇ ನಿಮಿಷಕ್ಕೆ ಹೊರಬಂದು ಆಸ್ಪತ್ರೆಗೆ ಫೋನ್ ಮಾಡಿದಳು. ಅಜ್ಜ ಹೋಗುವಾಗ 'ಎಲ್ಲಾ ಸುಮ್ನೆ ಗಲಾಟೆ' ಅಂತ ಗೊಣಗಿದರು. ಆಕೆ, 'ಬಾಯ್ಮುಚ್ಚಿ ಕೂತ್ಕೊಳಿ, ಯೂ ಡಾಫ್ಟ್ ಓಲ್ಡ್ ಸಾಡ್' ಅಂದಳು. ಪೆದ್ದು ಮುದಿಯಾ ಅಂದ ಹಾಗೆ. ಅಜ್ಜನ ಮುಖ ಅರಳಿತು. ನ್ಯುಮೋನಿಯಾ ಅಂತೆ. ಈಗ ಚೆನ್ನಾಗಿದ್ದಾರೆ, ಅಂದರೆ ನಾಟ್ ಟೂ ಬ್ಯಾಡ್.

ಆ ಬೈಗುಳವನ್ನು ಆಕೆ ಗುರುತಿಲ್ಲದ ಗಿರಾಕಿಗೆ ಹೇಳಿದ್ದರೆ ಕೆಲಸವೇ ಹೋಗುತ್ತಿತ್ತು. ಗುರುತಿಲ್ಲದವರಿಗೆ ಆಕೆ 'ಸರ್' ಅನ್ನುತ್ತಾಳೆ. ಜಗಳಕ್ಕೆ ಬಂದವರಿಗೂ 'ಸರ್' ಅನ್ನುತ್ತಾಳೆ, ಸ್ವಲ್ಪ ಜಾಸ್ತಿಯೇ ಅನ್ನುತ್ತಾಳೆ. 'ವಿತ್ ರೆಸ್ಪೆಕ್ಟ್, ಸರ್' ಅಂತ ಶುರು ಮಾಡಿದಳೆಂದರೆ ನಾವೆಲ್ಲ ಕಪಾಟಿನ ಹಿಂದೆ ಸರಿಯುತ್ತೇವೆ. 'ವಿತ್ ದ ಗ್ರೇಟೆಸ್ಟ್ ರೆಸ್ಪೆಕ್ಟ್' ಅಂದರೆ ಮುಗಿಯಿತು, ಗೌರವ ಸಂಪೂರ್ಣ ಸತ್ತಿದೆ ಅಂತ. ಗಂಡಸರಲ್ಲಿ 'ಮೇಟ್' ಅನ್ನುವುದೂ ಹೀಗೆಯೇ. ನಗುತ್ತಾ ಅಂದರೆ ಗೆಳೆಯ. ಹಲ್ಲು ಕಚ್ಚಿ, ನಿಧಾನವಾಗಿ, 'ಲಿಸನ್, ಮೇಟ್' ಅಂದರೆ ಇನ್ನೇನು ಕೈ ಬೀಳುತ್ತದೆ ಅಂತ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ 'ಗುರು' ಅನ್ನುವುದಕ್ಕೂ ಇದೇ ಎರಡು ಮುಖ ಇದೆ ಅಲ್ವಾ? 'ಏನ್ ಗುರು!' ಒಂದು, 'ಏನ್ ಗುರೂ?' ಇನ್ನೊಂದು.

ಪೆದ್ದ ಅನ್ನುವುದಕ್ಕೆ ಇಲ್ಲಿ ಇರುವಷ್ಟು ಪದಗಳು ಹಣಕ್ಕೂ ಇಲ್ಲ. ಮಪೆಟ್, ವಾಲಿ, ಪ್ಲಾಂಕರ್, ನಂಪ್ಟಿ, ಪಿಲ್ಲಕ್, ಪ್ರಾಟ್, ಟ್ವಿಟ್, ಉತ್ತರದ ಕಡೆ ವಾಝಕ್. ಎಲ್ಲಕ್ಕೂ ಅರ್ಥ ಒಂದೇ ಅಂತ ಪಟ್ಟಿಗಳು ಹೇಳುತ್ತವೆ. ನನಗೆ ಹಾಗನ್ನಿಸುವುದಿಲ್ಲ. ನಂಪ್ಟಿ ಸ್ಕಾಟ್ಲೆಂಡಿನ ಮಾತು, ಅದರಲ್ಲಿ ಮುದ್ದು ಇದೆ. ಮಕ್ಕಳಿಗೂ ಹೇಳಬಹುದು, ನಮ್ಮ 'ಮಂಕೇ' ಇದ್ದ ಹಾಗೆ. ಮಪೆಟ್ ಅಂದರೆ ಕೆಲಸ ಕೆಡಿಸಿದ ಕೋಡಂಗಿ. ಪಿಲ್ಲಕ್‌ನಲ್ಲಿ ಸ್ವಲ್ಪ ವಿಷ ಇದೆ. 'ಬರ್ಕ್' ಅನ್ನುವುದನ್ನು ಎಷ್ಟೋ ಸಭ್ಯ ಅಜ್ಜಿಯರು ನಿರಾಳವಾಗಿ ಅನ್ನುತ್ತಾರೆ. ಅದರ ಮೂಲ ಎಷ್ಟು ಹೊಲಸು ಅಂತ ಗೊತ್ತಾದರೆ ಅವರೇ ಕಿವಿ ಮುಚ್ಚಿಕೊಳ್ಳುತ್ತಾರೆ. ನಾನು ಹೇಳುವುದಿಲ್ಲ, ನೀವೇ ಹುಡುಕಿಕೊಳ್ಳಿ.

'ಬ್ಲಡಿ' ಈಗ ಸವೆದು ಸವೆದು ನುಣ್ಣಗಾಗಿದೆ. ಆದರೆ 1914ರ ಏಪ್ರಿಲ್‌ನಲ್ಲಿ ಲಂಡನ್ನಿನ ಹಿಸ್ ಮೆಜೆಸ್ಟೀಸ್ ರಂಗಮಂದಿರದಲ್ಲಿ ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ಆಡಿದಾಗ, ಹೂ ಮಾರುವ ಹುಡುಗಿಯ ಪಾತ್ರ ಮಾಡಿದ ಮಿಸೆಸ್ ಪ್ಯಾಟ್ರಿಕ್ ಕ್ಯಾಂಪ್‌ಬೆಲ್ ಬಾಯಿಂದ 'ನಾಟ್ ಬ್ಲಡಿ ಲೈಕ್ಲಿ' ಅಂತ ಬಂತು. ಜನ ನಕ್ಕು ನಕ್ಕು ನಾಟಕ ಕೆಲಹೊತ್ತು ನಿಂತೇಹೋಯಿತು. ಪೇಪರುಗಳಲ್ಲಿ ಅದೇ ಸುದ್ದಿ. ಆಮೇಲೆ ಎಷ್ಟೋ ಕಾಲ ಮಡಿವಂತರು ಆ ಪದ ಬರಬೇಕಾದ ಜಾಗದಲ್ಲಿ ನಾಟಕದ ಹೆಸರನ್ನೇ ಹಾಕಿ, 'ನಾಟ್ ಪಿಗ್ಮೇಲಿಯನ್ ಲೈಕ್ಲಿ' ಅನ್ನುತ್ತಿದ್ದರಂತೆ. ಬೈಗುಳ ತಪ್ಪಿಸಲು ಹೋಗಿ ಇನ್ನೊಂದು ಬೈಗುಳ ಹುಟ್ಟಿಸಿದರು.

ಇನ್ನು 'ಚೀಕಿ'. ಇದು ಇಂಗ್ಲೆಂಡಿನ ಮುದ್ದಿನ ಪದ. ಹಿರಿಯರಿಗೆ ಎದುರುತ್ತರ ಕೊಟ್ಟವನೂ ಚೀಕಿ, ಕಣ್ಣು ಮಿಟುಕಿಸಿ ಒಂದು ಬಿಸ್ಕತ್ತು ಜಾಸ್ತಿ ಎತ್ತಿಕೊಂಡವನೂ ಚೀಕಿ. ಕನ್ನಡದಲ್ಲಿ ಮೊದಲನೆಯವನು ಅಧಿಕಪ್ರಸಂಗಿ, ಎರಡನೆಯವನು ತುಂಟ. ಇಬ್ಬರನ್ನೂ ನಾವು ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. ಇಲ್ಲಿ ಇಡುತ್ತಾರೆ, ಎದುರುತ್ತರದಲ್ಲಿ ನಗು ಇದ್ದರೆ ಅರ್ಧ ಕ್ಷಮಿಸಿಬಿಡುತ್ತಾರೆ. ಅಲ್ಲಿಂದ ಪದ ಜಾರುತ್ತಾ ಜಾರುತ್ತಾ ವಸ್ತುಗಳಿಗೂ ಬಂತು. ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಕುಡಿಯುವ ಒಂದು ಗ್ಲಾಸ್ ಬಿಯರು 'ಚೀಕಿ ಪೈಂಟ್'. ಬಿಯರಿನಲ್ಲಿ ತುಂಟತನವೇನೂ ಇಲ್ಲ. ಹೆಂಡತಿಗೆ ಹೇಳಿರಲಿಲ್ಲ, ಪ್ಲಾನಿನಲ್ಲಿ ಇರಲಿಲ್ಲ, ಆದರೂ ಕುಡಿದೆ ಅನ್ನುವುದರಲ್ಲಿ ಇದೆ. 2015ರಲ್ಲಿ 'ಚೀಕಿ ನಾಂಡೋಸ್' ಅನ್ನುವುದು ಇಂಟರ್ನೆಟ್ಟಿನಲ್ಲಿ ದೊಡ್ಡ ಜೋಕಾಯಿತು. ನಾಂಡೋಸ್ ಅನ್ನುವುದು ಪೆರಿ ಪೆರಿ ಖಾರ ಹಚ್ಚಿ ಸುಟ್ಟ ಕೋಳಿಯ ಹೋಟೆಲು, ಮೂಲ ದಕ್ಷಿಣ ಆಫ್ರಿಕಾದ್ದು. ಕೋಳಿ ತಿನ್ನುವುದರಲ್ಲಿ ಚೀಕಿ ಏನಿದೆ ಅಂತ ಅಮೆರಿಕನ್ನರು ಕೇಳಿದರು. ಬ್ರಿಟಿಷ್ ಹುಡುಗರು ವಿವರಿಸುವ ನೆಪದಲ್ಲಿ ಇನ್ನಷ್ಟು ಸ್ಲ್ಯಾಂಗ್ ಸುರಿದು, ಕೇಳಿದವರ ತಲೆ ಪೂರ್ತಿ ಕೆಡಿಸಿದರು. ಆ ವಿವರಣೆಯೇ ಚೀಕಿಗೆ ಒಳ್ಳೆಯ ಉದಾಹರಣೆ.

'ಡಕ್' ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ನಾಟಿಂಗ್‌ಹ್ಯಾಮ್, ಡಾರ್ಬಿ, ಸ್ಟೋಕ್ ಕಡೆ ಎಲ್ಲರೂ ಎಲ್ಲರಿಗೂ ಡಕ್. 'ಏ ಅಪ್, ಮಿ ಡಕ್' ಅಂದರೆ ನಮಸ್ಕಾರ. ಬಸ್ ಡ್ರೈವರ್ ನನಗೆ ಡಕ್ ಅನ್ನುತ್ತಾನೆ, ಅಂಗಡಿಯ ಅಜ್ಜಿ ಅವನಿಗೆ ಡಕ್ ಅನ್ನುತ್ತಾಳೆ, ಗಂಡಸು ಗಂಡಸಿಗೂ ಅನ್ನುತ್ತಾನೆ. ಷೇಕ್ಸ್‌ಪಿಯರ್ ಕಾಲದಲ್ಲೇ ಇದು ಮುದ್ದಿನ ಪದ. ನ್ಯೂಕಾಸಲ್‌ಗೆ ಹೋದರೆ ನೀವು 'ಪೆಟ್', ಗ್ಲಾಸ್ಗೋದಲ್ಲಿ ಹೆಂಗಸರೆಲ್ಲ 'ಹೆನ್', ಬ್ರಿಸ್ಟಲ್ ಕಡೆ ಗುರುತು ಪರಿಚಯ ಇಲ್ಲದವರೂ 'ಮೈ ಲವರ್' ಅಂದುಬಿಡುತ್ತಾರೆ, ಮೊದಲ ಸಲ ಕೇಳಿದವರು ಎರಡು ಹೆಜ್ಜೆ ಹಿಂದಕ್ಕೆ ಹೋಗಬೇಕು. ನಾನು ಶಿವಮೊಗ್ಗದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ.

"ಬಾತುಕೋಳಿ ಅಂತಾರೇನೇ ನಿನ್ನ?"

"ಹೂಂ ಅಮ್ಮ. ಎಲ್ಲರಿಗೂ ಹಾಗೇ ಅನ್ನೋದು."

"ಎಲ್ಲರಿಗೂ ಅನ್ನೋದಾದ್ರೆ ಬಿಡು. ನಿನ್ನೊಬ್ಬಳಿಗೇ ಅಂದಿದ್ರೆ ಕೇಳ್ಬೇಕಿತ್ತು."

ಅಣ್ಣ, ಅಕ್ಕ, ಯಜಮಾನ್ರೇ, ಬುದ್ಧೀ, ತಾಯೀ ಅಂತ ಗುರುತಿಲ್ಲದವರನ್ನೂ ನೆಂಟರನ್ನಾಗಿ ಮಾಡಿಕೊಳ್ಳುವವರು ನಾವು. ಇವರಿಗೆ ನೆಂಟಸ್ತನ ಸ್ವಲ್ಪ ಭಾರ. ಹಕ್ಕಿ ಪಕ್ಷಿ ಮಾಡಿ ಮುಗಿಸುತ್ತಾರೆ. ಬೆಳಿಗ್ಗೆ ಎದುರಾದವರು 'ಯೂ ಆಲ್‌ರೈಟ್?' ಅಂತ ಕೇಳುವುದೂ ಹೀಗೆ. ನಮ್ಮ 'ಊಟ ಆಯ್ತಾ?' ಇದ್ದ ಹಾಗೆ ಅದು. ಊಟದ ಲೆಕ್ಕ ಯಾರಿಗೂ ಬೇಕಿಲ್ಲ. 'ಯೂ ಆಲ್‌ರೈಟ್?' ಅಂದರೆ ತಿರುಗಿ 'ಯೂ ಆಲ್‌ರೈಟ್?' ಅನ್ನಬೇಕು, ಇಬ್ಬರೂ ಉತ್ತರ ಹೇಳದೆ ಮುಂದೆ ಹೋಗಬೇಕು. ತುಮಕೂರಿನ ಕಡೆಯ ಒಬ್ಬ ಹುಡುಗ ಇಲ್ಲಿನ ಆಸ್ಪತ್ರೆಗೆ ಡಾಕ್ಟರಾಗಿ ಬಂದ ಹೊಸದರಲ್ಲಿ ಈ ಪ್ರಶ್ನೆಗೆ ತನ್ನ ಬೆನ್ನುನೋವಿನ ಪೂರ್ತಿ ಕಥೆ ಹೇಳುತ್ತಿದ್ದ. ಕೇಳಿದವರು ಪಾಪ ಕೋಟು ಹಾಕಿಕೊಂಡೇ ನಿಂತು ಕೇಳುತ್ತಿದ್ದರು.

ಲಂಡನ್ನಿನ ಪೂರ್ವ ಭಾಗದ ಕಾಕ್ನಿ ಜನರ ಪ್ರಾಸದ ಮಾತು ಬೇರೆಯೇ ಲೋಕ. ನಮ್ಮ ಹಳೆಯ ಕವಿಗಳಿಗೆ ಆದಿಪ್ರಾಸ, ಇವರಿಗೆ ಅಂತ್ಯಪ್ರಾಸ. ಹೇಳಬೇಕಾದ ಪದಕ್ಕೆ ಪ್ರಾಸ ಕೂಡುವ ಜೋಡಿಪದ ಒಂದನ್ನು ಹಿಡಿಯುತ್ತಾರೆ. 'ಲುಕ್' ಅನ್ನಬೇಕಾ? 'ಬುಚರ್ಸ್ ಹುಕ್', ಕಟುಕನ ಕೊಕ್ಕೆ. ಆಮೇಲೆ ಪ್ರಾಸದ ಭಾಗವನ್ನೇ ನುಂಗಿಬಿಡುತ್ತಾರೆ. 'ಲೆಟ್ಸ್ ಹ್ಯಾವ್ ಎ ಬುಚರ್ಸ್', ಅಂದರೆ ಒಂದು ಸಲ ನೋಡೋಣ ಕೊಡು. ಹುಕ್ ಮಾಯ, ಲುಕ್ ಮಾಯ, ಉಳಿದಿದ್ದು ಕಟುಕ ಒಬ್ಬನೇ. ತಲೆ ಅಂದರೆ ಹೆಡ್, ಅದಕ್ಕೆ ಪ್ರಾಸ ಲೋಫ್ ಆಫ್ ಬ್ರೆಡ್, ಹಾಗಾಗಿ 'ಯೂಸ್ ಯುವರ್ ಲೋಫ್' ಅಂದರೆ ತಲೆ ಉಪಯೋಗಿಸು. ಸುಳ್ಳು ಅಂದರೆ ಲೈಸ್, ಅದಕ್ಕೆ ಪೋರ್ಕ್ ಪೈಸ್, ಅದು ಕುಗ್ಗಿ 'ಪೋರ್ಕೀಸ್'. ನಾವು ಕಾಗೆ ಹಾರಿಸುತ್ತೇವೆ, ಇವರು ಹಂದಿಮಾಂಸದ ಕಡುಬು ಹಂಚುತ್ತಾರೆ. ಹೇಗಿದ್ದರೂ ಸುಳ್ಳು ಸುಳ್ಳೇ.

1859ರಲ್ಲಿ ಜಾನ್ ಕ್ಯಾಮ್ಡೆನ್ ಹಾಟನ್ ಎಂಬ ಪ್ರಕಾಶಕ ತಂದ ಬೀದಿಮಾತಿನ ನಿಘಂಟಿನಲ್ಲೇ ಈ ಪ್ರಾಸದ ಪದಗಳು ದಾಖಲಾಗಿವೆ. ಬೀದಿಯಲ್ಲಿ ಹಾಡು, ಚಿಲ್ಲರೆ ಸಾಮಾನು ಮಾರುವವರ ಮಾತು ಇದು ಅಂತ ಆತ ಬರೆದ. ಪೊಲೀಸರಿಗೆ, ಗಿರಾಕಿಗಳಿಗೆ ತಿಳಿಯದಿರಲಿ ಅಂತ ಹುಟ್ಟಿತೋ, ಸುಮ್ನೆ ಮಜಾಕ್ಕೆ ಹುಟ್ಟಿತೋ ಅನ್ನುವ ವಾದ ಇನ್ನೂ ನಡೆಯುತ್ತಿದೆ. ನನಗೆ ಮಜಾ ಅಂತಲೇ ಅನ್ನಿಸುತ್ತದೆ. ಚಿಕ್ಕವರಿದ್ದಾಗ ನಾವು ಪ್ರತಿ ಅಕ್ಷರಕ್ಕೂ 'ಕ' ಸೇರಿಸಿ ಕ-ಭಾಷೆ ಮಾತಾಡುತ್ತಿದ್ದೆವಲ್ಲ, ಮುಚ್ಚಿಡುವಂಥ ಗುಟ್ಟು ಏನಿತ್ತು ಆಗ? ಕಾಕ್ನಿ ಅನ್ನಿಸಿಕೊಳ್ಳಲು ಸೇಂಟ್ ಮೇರಿ ಲೆ ಬೋ ಚರ್ಚಿನ ಗಂಟೆ ಕೇಳಿಸುವಷ್ಟು ಹತ್ತಿರ ಹುಟ್ಟಿರಬೇಕು ಅಂತ ಹೇಳಿಕೆ. 1941ರಲ್ಲಿ ಜರ್ಮನ್ನರ ಬಾಂಬಿಗೆ ಆ ಗಂಟೆಗಳು ಬಿದ್ದುಹೋದವು. ಮತ್ತೆ ಬಾರಿಸಿದ್ದು 1961ರಲ್ಲಿ. ಆ ಹೇಳಿಕೆಯನ್ನೇ ಹಿಡಿದರೆ ನಡುವಿನ ಇಪ್ಪತ್ತು ವರ್ಷ ಲಂಡನ್ನಿನಲ್ಲಿ ಒಬ್ಬ ಕಾಕ್ನಿಯೂ ಹುಟ್ಟಲಿಲ್ಲ!

ಇದರಲ್ಲಿ ನನ್ನ ಮೆಚ್ಚಿನದು 'ರೂಬಿ'. ರೂಬಿ ಮರ್ರಿ ಬೆಲ್‌ಫಾಸ್ಟಿನ ಗಾಯಕಿ. 1955ರಲ್ಲಿ ಒಂದೇ ವಾರ ಆಕೆಯ ಐದು ಹಾಡುಗಳು ಮೊದಲ ಇಪ್ಪತ್ತರಲ್ಲಿದ್ದವು. ಆಕೆಯ ಹಾಡು ಈಗ ಹುಡುಗರಿಗೆ ಗೊತ್ತಿಲ್ಲ. ಆದರೆ ಮರ್ರಿ ಅನ್ನುವುದು ಕರಿಗೆ ಪ್ರಾಸ ಕೂಡಿದ್ದರಿಂದ ಆಕೆ ಸಾರಾಗಿ ಉಳಿದಿದ್ದಾಳೆ. ಶುಕ್ರವಾರ ರಾತ್ರಿ 'ಗೋಯಿಂಗ್ ಫಾರ್ ಎ ರೂಬಿ' ಅಂದರೆ ಇಂಡಿಯನ್ ಹೋಟೆಲಿಗೆ ಹೊರಟರು ಅಂತ. ಆ ಇಂಡಿಯನ್ ಹೋಟೆಲುಗಳಲ್ಲಿ ಬಹಳಷ್ಟನ್ನು ನಡೆಸುವವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಐರಿಶ್ ಹೆಸರು, ಬಂಗಾಳಿ ಕೈ, ಇಂಡಿಯಾದ ಬೋರ್ಡು.

ನಮ್ಮ ಕಡೆಯಿಂದ ಬಂದ ಪದಗಳನ್ನು ಕೇಳಿದಾಗ ಮಾತ್ರ ವಿಚಿತ್ರ ಖುಷಿ. ಕೆಲಸ ಸರಿಯಾಗಿದ್ದರೆ 'ಪುಕ್ಕಾ'. ನಾವೂ ಅನ್ನುವುದು ಪಕ್ಕಾ. ರಜೆಗೆ ಸಹಿ ಹಾಕಿಸುವ ತುಂಡು ಕಾಗದ 'ಚಿಟ್', ನಮ್ಮ ಚೀಟಿ. ಒಂದು ಕಣ್ಣು ಹಾಯಿಸುವುದು 'ಡೆಕ್ಕೋ', ಹಿಂದಿಯ ದೇಖೋ. ಆರಾಮದ ಕೆಲಸ 'ಕುಶಿ', ಅದು ಖುಷಿ. ಬ್ರಿಟಿಷ್ ಸಿಪಾಯಿಗಳು ದಂಡು ಪ್ರದೇಶಗಳಲ್ಲಿ ಕಲಿತು ಊರಿಗೆ ಹೊತ್ತುಕೊಂಡು ಹೋದ ಮಾತುಗಳು ಇವು. ತಲೆ ಕೆಟ್ಟವನಿಗೆ ಅನ್ನುವ 'ಡೂಲಾಲಿ' ಅಂದರೆ ನಾಸಿಕದ ಹತ್ತಿರದ ದೇವಳಾಲಿ. ಸೇವೆ ಮುಗಿದ ಸಿಪಾಯಿಗಳನ್ನು ಹಡಗು ಬರುವವರೆಗೂ ಅಲ್ಲಿನ ಕ್ಯಾಂಪಿನಲ್ಲಿ ಇಡುತ್ತಿದ್ದರು. ಹಡಗು ಬರುತ್ತಿದ್ದುದು ವರ್ಷದಲ್ಲಿ ಕೆಲವು ತಿಂಗಳು ಮಾತ್ರ. ಕೆಲಸವಿಲ್ಲ, ಸೆಖೆ, ಹೆಂಡ, ತಿಂಗಳುಗಟ್ಟಲೆ ಕಾಯುವುದು. ಬುದ್ಧಿ ಕೆಡದೆ ಇನ್ನೇನಾಗುತ್ತದೆ? ಅದನ್ನು 'ಡೂಲಾಲಿ ಟ್ಯಾಪ್' ಅಂದರು. ಆ ಟ್ಯಾಪ್ ನಲ್ಲಿಯಲ್ಲ, ತಾಪ, ಜ್ವರ.

ಇಂಗ್ಲೆಂಡಿಗೇ ಒಂದು ಅಡ್ಡಹೆಸರು 'ಬ್ಲೈಟಿ'. ಮೂಲ ವಿಲಾಯತಿ, ಬಿಲಾಯತಿ. ಮೊದಲ ಮಹಾಯುದ್ಧದಲ್ಲಿ ಕಂದಕದಲ್ಲಿದ್ದ ಸಿಪಾಯಿ ಬಯಸುತ್ತಿದ್ದುದು 'ಎ ಬ್ಲೈಟಿ ಒನ್', ಸಾಯಿಸದೆ ಊರಿಗೆ ಮಾತ್ರ ಕಳಿಸುವಷ್ಟು ದೊಡ್ಡ ಗಾಯ. ಉತ್ತರ ಭಾರತದವರು ಹೊರಗಿನಿಂದ ಬಂದ ಸಾಮಾನನ್ನು ವಿಲಾಯತಿ ಅಂದ ಹಾಗೆ ನಾವು ಕನ್ನಡದಲ್ಲಿ ಸೀಮೆ ಅಂದೆವು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ಸಿಪಾಯಿಗಳು ಹಿಂದಿಯ ಬದಲು ಕನ್ನಡ ಕಲಿತಿದ್ದರೆ ಇವತ್ತು ಇಂಗ್ಲೆಂಡಿಗೆ 'ಸೀಮಿ' ಅಂತ ಹೆಸರಿರುತ್ತಿತ್ತೋ ಏನೋ.

ಆದರೆ ಇಂಡಿಯಾದ ಹೆಸರಲ್ಲಿ ಪೋರ್ಕೀಸೂ ಜಾಸ್ತಿ ಓಡಾಡುತ್ತವೆ. 'ಪಾಶ್' ಅನ್ನುವ ಪದ ಇಂಡಿಯಾಕ್ಕೆ ಬರುವ ಹಡಗಿನ ಟಿಕೆಟಿನಿಂದ ಬಂತು, ಹೋಗುವಾಗ ಎಡಗಡೆ, ಬರುವಾಗ ಬಲಗಡೆ ನೆರಳಿನ ಕೋಣೆ, 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಅನ್ನುವುದರ ಮೊದಲಕ್ಷರಗಳು ಅಂತ ಒಂದು ಕಥೆ ಇದೆ. ಅಂಥ ಮುದ್ರೆ ಹೊಡೆದ ಒಂದು ಟಿಕೆಟ್ಟೂ ಇವತ್ತಿನವರೆಗೆ ಸಿಕ್ಕಿಲ್ಲ. ಐನೂರು ಪೌಂಡಿಗೆ 'ಮಂಕಿ' ಅನ್ನುತ್ತಾರೆ, ಹಳೆಯ ಐನೂರು ರೂಪಾಯಿ ನೋಟಿನ ಮೇಲೆ ಕೋತಿ ಇತ್ತು ಅಂತ ಇನ್ನೊಂದು ಕಥೆ. ಅಂಥ ನೋಟೂ ಇಲ್ಲ. 'ಬಾಬ್ಸ್ ಯುವರ್ ಅಂಕಲ್', ಅಂದರೆ ಇಷ್ಟು ಮಾಡಿದರೆ ಕೆಲಸ ಆಯ್ತು ನೋಡು, ಇದಕ್ಕೂ ಒಂದು ಕಥೆ ಇದೆ: 1887ರಲ್ಲಿ ಪ್ರಧಾನಿ ರಾಬರ್ಟ್ ಸಾಲ್ಸ್‌ಬರಿ ತನ್ನ ಸೋದರಳಿಯ ಬಾಲ್ಫೋರ್‌ನಿಗೆ ಐರ್ಲೆಂಡಿನ ಮಂತ್ರಿಗಿರಿ ಕೊಟ್ಟ. ಮಾವ ಬಾಬ್ ಇದ್ದರೆ ಎಲ್ಲ ಸಲೀಸು. ಕೊಟ್ಟಿದ್ದು ನಿಜ. ಆದರೆ ಈ ಮಾತು ಅಚ್ಚಿನಲ್ಲಿ ಕಾಣುವುದು 1920ರ ದಶಕದಲ್ಲಿ. ಅಷ್ಟು ವರ್ಷ ಜೋಕು ಎಲ್ಲಿ ಮಲಗಿತ್ತು? ಸೋದರಮಾವ ಮಂತ್ರಿಯಾದರೆ ಕೆಲಸ ಆಗುತ್ತದೆ ಅನ್ನುವುದನ್ನು ನಮಗೆ ಯಾರೂ ಕಥೆ ಕಟ್ಟಿ ಹೇಳಬೇಕಿಲ್ಲ, ಅದು ಬೇರೆ ಮಾತು.

ಈಗಿನ ಲಂಡನ್ ಹುಡುಗರ ಬಾಯಲ್ಲಿ ಕಾಕ್ನಿ ಪ್ರಾಸ ಕಮ್ಮಿಯಾಗಿದೆ. ಜಮೈಕಾದವರು, ಪಶ್ಚಿಮ ಆಫ್ರಿಕಾದವರು, ಪಂಜಾಬಿಗಳು, ಬಂಗಾಳಿಗಳು ಒಂದೇ ಬೀದಿಯಲ್ಲಿ ಬೆಳೆದು ಹೊಸ ಮಾತು ಹುಟ್ಟಿದೆ. ಪೆಂಗ್ ಅಂದರೆ ಚೆಂದ, ಬೇರ್ ಅಂದರೆ ತುಂಬಾ, ಮ್ಯಾಂಡೆಮ್ ಅಂದರೆ ಹುಡುಗರ ಗುಂಪು. ಪೂರ್ವ ಲಂಡನ್ನಿನ ಹ್ಯಾಕ್ನಿಯಂಥ ಕಡೆ ಭಾಷಾ ಪಂಡಿತರು ಕೂತು ಇದನ್ನು ಅಭ್ಯಾಸ ಮಾಡಿದ್ದಾರೆ. ಇದರ ರಾಜ 'ಇನಿಟ್', ಅಂದರೆ 'ಇಸಂಟ್ ಇಟ್' ಸವೆದು ಉಳಿದದ್ದು. ಶಾಲೆಯ ಇಂಗ್ಲಿಷಿನಲ್ಲಿ ಮಾತಿನ ಬಾಲ ಪ್ರತಿ ಸಲ ಬದಲಾಗಬೇಕು, ಆರಂಟ್ ಯೂ, ಡಸಂಟ್ ಹಿ, ವೋಂಟ್ ದೇ. ಇನಿಟ್ ಎಲ್ಲಕ್ಕೂ ಒಂದೇ. ಯಾರೇ ಇರಲಿ, ಯಾವ ಕಾಲವೇ ಇರಲಿ, ಕೊನೆಗೆ ಇನಿಟ್. ನಮ್ಮ 'ಅಲ್ವಾ' ಮಾಡುವ ಕೆಲಸವನ್ನೇ ಅದು ಮಾಡುತ್ತದೆ. 2013ರಲ್ಲಿ ದಕ್ಷಿಣ ಲಂಡನ್ನಿನ ಒಂದು ಶಾಲೆ ಇನಿಟ್, ಬೇರ್ ಮುಂತಾದ ಪದಗಳನ್ನು ನಿಷೇಧಿಸಿ ಬೋರ್ಡು ಹಾಕಿತು. ದೊಡ್ಡ ಸುದ್ದಿಯಾಯಿತು. ಕನ್ನಡದವರಿಂದ 'ಅಲ್ವಾ' ಕಿತ್ತುಕೊಂಡರೆ ನಾವು ಮಾತನ್ನು ಮುಗಿಸುವುದಾದರೂ ಹೇಗೆ?

ಹೊಸದಾಗಿ ಬಂದ ನಮ್ಮವರು ಯಾವುದನ್ನು ಬಳಸಬಹುದು ಅಂತ ಕೇಳುತ್ತಾರೆ. 'ಚಿಯರ್ಸ್' ಧಾರಾಳವಾಗಿ ಬಳಸಿ, ಅದು ಥ್ಯಾಂಕ್ಸೂ ಹೌದು, ಬರ್ತೀನಿ ಅನ್ನುವುದೂ ಹೌದು. ಮಳೆ ಬರುವ ಹಾಗಿದ್ದರೆ 'ಬ್ಲ್ಯಾಕ್ ಓವರ್ ಬಿಲ್ಸ್ ಮದರ್ಸ್' ಅನ್ನಿ. ಬಿಲ್ಲನ ಅಮ್ಮನ ಮನೆ ಕಡೆ ಮೋಡ ಕಟ್ಟಿದೆ ಅಂತ. ಬಿಲ್ ಯಾರು ಅಂತ ನಾಟಿಂಗ್‌ಹ್ಯಾಮಿನಲ್ಲಿ ಯಾರಿಗೂ ಗೊತ್ತಿಲ್ಲ, ಹೊರಗಿನವರ ಬಾಯಲ್ಲಿ ಕೇಳಿದರೆ ಮಾತ್ರ ಎಲ್ಲರಿಗೂ ಖುಷಿ. ನಲವತ್ತು ದಾಟಿದವರು ಇನಿಟ್ ಅನ್ನಬೇಡಿ. ಬೈಗುಳವನ್ನು ನೀವಾಗಿ ಶುರು ಮಾಡಬೇಡಿ, ಅವರು ಬೈಯುವವರೆಗೆ ಕಾಯಿರಿ. ಮೊದಲ ಸಲ ಸಹೋದ್ಯೋಗಿ ನಿಮ್ಮನ್ನು ಮಪೆಟ್ ಅಂದ ದಿನ ಮನೆಯಲ್ಲಿ ಪಾಯಸ ಮಾಡಬಹುದು.

ಮಕ್ಕಳಿಗೆ ಈ ತೊಂದರೆ ಏನೂ ಇಲ್ಲ. ಅವರಿಗೆ ಅದೇ ತಾಯಿನುಡಿಯ ಹಾಗೆ ಅಂಟಿಕೊಂಡಿದೆ. ಅಮ್ಮ ಈ ಸಲ ಯುಗಾದಿಗೆ ಇಲ್ಲಿದ್ದಳು. ಇಲ್ಲಿ ಸಿಗುವ ಮೈದಾ ಸರಿ ಇಲ್ಲ, ಬೆಲ್ಲ ಸರಿ ಇಲ್ಲ, ಒಲೆ ಸರಿ ಇಲ್ಲ ಅಂತ ಬೈದುಕೊಂಡೇ ಬೆಳಗಿನಿಂದ ನಿಂತು ಹೋಳಿಗೆ ಮಾಡಿದಳು. ಮಗ ಒಂದನ್ನು ತುಪ್ಪದಲ್ಲಿ ಅದ್ದಿ ತಿಂದು, "ನಾಟ್ ಬ್ಯಾಡ್, ಅಜ್ಜಿ" ಅಂದ.

ಅಮ್ಮ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ಸಿಹಿ ಕಮ್ಮಿ ಆಯ್ತೇನೇ?"

"ಇಲ್ಲಮ್ಮ. ಇಲ್ಲಿಯವರು ತುಂಬಾ ಇಷ್ಟ ಆದ್ರೆ ಹೀಗೇ ಅನ್ನೋದು. ನೋಡು, ಮೂರನೇದಕ್ಕೆ ಕೈ ಹಾಕಿದಾನೆ."

"ಚೆನ್ನಾಗಿದೆ ಅಂತ ಬಾಯ್ಬಿಟ್ಟು ಹೇಳಕ್ಕೆ ಏನು ರೋಗವಂತೆ?" ಅಂದಳು. ಅವನ ತಟ್ಟೆಗೆ ಇನ್ನೊಂದು ಹಾಕಿದಳು, ಮೇಲೆ ತುಪ್ಪ ಸುರಿದಳು. "ನಿಮ್ಮಪ್ಪನೂ ಹೀಗೇ. ಇಂಗ್ಲೆಂಡು ಎಲ್ಲಿದೆ ಅಂತ ನೋಡ್ದೋರಲ್ಲ. ಬದುಕಿರೋವರೆಗೂ ನಾನು ಏನು ಮಾಡಿ ಹಾಕಿದ್ರೂ 'ಪರವಾಗಿಲ್ಲ' ಅಂದ್ಕೊಂಡೇ ತಿಂದ್ರು."